‘ಇದು ಯಾರಿಗಾದರೂ ಹೊಳೆಯುತ್ತಿತ್ತು’: ತೋರಿಸಬೇಕಾದವರು ಯಾರು?

ಪೇಟೆಂಟ್ ಸುದ್ದಿಗಳಲ್ಲಿ ಈಚೆಗೆ ಒಂದು ಸಾಲು ಪದೇಪದೇ ಕಾಣುತ್ತಿದೆ: ‘ಪೇಟೆಂಟ್ ನಿರಾಕರಿಸಿದ್ದ ಆದೇಶ ರದ್ದು, ಹೈಕೋರ್ಟ್ ತೀರ್ಪು’. ಓದಿದವರು ಅರ್ಜಿ ಹಾಕಿದವನಿಗೆ ಪೇಟೆಂಟ್ ಸಿಕ್ಕಿತು ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಸಿಕ್ಕಿರುವುದಿಲ್ಲ. ಫೈಲು ಬಂದ ದಾರಿಯಲ್ಲೇ ಪೇಟೆಂಟ್ ಕಚೇರಿಗೆ ವಾಪಸ್ ಹೋಗಿರುತ್ತದೆ, ಅಷ್ಟೇ.

ಹಾಗಾದರೆ ಕೋರ್ಟು ಏನನ್ನು ತಪ್ಪು ಅಂದಿತು? ಬಹಳಷ್ಟು ಪ್ರಕರಣಗಳಲ್ಲಿ ಜಗಳ ಒಂದೇ ವಿಷಯಕ್ಕೆ. ‘ಇದರಲ್ಲಿ ಹೊಸ ಬುದ್ಧಿವಂತಿಕೆ ಏನೂ ಇಲ್ಲ, ಕಸುಬು ಗೊತ್ತಿದ್ದ ಯಾರಿಗಾದರೂ ಹೊಳೆಯುತ್ತಿತ್ತು’ ಅಂತ ಅಧಿಕಾರಿ ಹೇಳಿದ್ದಾರೆ. ಆದರೆ ಹೇಗೆ ಹೊಳೆಯುತ್ತಿತ್ತು ಅಂತ ತೋರಿಸಿಲ್ಲ.

ಪ್ರಕಟ, ಮಂಜೂರು, ರದ್ದು

ದಾವಣಗೆರೆ, ಚಿತ್ರದುರ್ಗದಂಥ ಇಂಜಿನಿಯರಿಂಗ್ ಕಾಲೇಜುಗಳಿರುವ ಊರಿನಲ್ಲಿ ಇನ್ನೊಂದು ಗೊಂದಲವೂ ಇದೆ. ‘ಪ್ರಾಧ್ಯಾಪಕರ ಪೇಟೆಂಟ್ ಪ್ರಕಟ’ ಎಂಬ ಸುದ್ದಿ, ಪಕ್ಕದಲ್ಲಿ ಹಾರ ಹಾಕಿದ ಫೋಟೊ. ಪ್ರಕಟವಾಗುವುದು ಅರ್ಜಿ, ಪೇಟೆಂಟ್ ಅಲ್ಲ. ಅರ್ಜಿ ಹಾಕಿ 18 ತಿಂಗಳಾದರೆ ಅದು ತಾನಾಗಿಯೇ ಪೇಟೆಂಟ್ ಕಚೇರಿಯ ಜರ್ನಲ್‌ನಲ್ಲಿ ಬರುತ್ತದೆ. ಶುಲ್ಕ ಕಟ್ಟಿದರೆ ಇನ್ನೂ ಬೇಗ ಬರುತ್ತದೆ. ಪರೀಕ್ಷೆ ಶುರುವಾಗುವುದು ಆಮೇಲೆ.

ಪರೀಕ್ಷೆಗೆ ಬೇರೆ ಮನವಿ ಕೊಡಬೇಕು. ಎಕ್ಸಾಮಿನರ್ ಹಳೆಯ ದಾಖಲೆಗಳನ್ನೆಲ್ಲ ಹುಡುಕಿ ಒಂದು ಮೊದಲ ವರದಿ ಕಳಿಸುತ್ತಾರೆ. ಪೇಟೆಂಟ್ ಏಜೆಂಟರು ಅದನ್ನು ಎಫ್‌ಇಆರ್ ಅನ್ನುತ್ತಾರೆ. ಉತ್ತರ ಕೊಡಲು 6 ತಿಂಗಳ ಸಮಯ, ಕೇಳಿದರೆ ಇನ್ನು 3 ತಿಂಗಳು. ಉತ್ತರ ಸಾಲದಿದ್ದರೆ ವಿಚಾರಣೆ. ಅದೀಗ ವಿಡಿಯೊದಲ್ಲೇ ನಡೆಯುವುದರಿಂದ ಕಚೇರಿ ಇರುವ ಚೆನ್ನೈಗೆ ಬಸ್ಸು ಹತ್ತಬೇಕಿಲ್ಲ. ಕೊನೆಗೆ ಕಂಟ್ರೋಲರ್, ಅಂದರೆ ಕಚೇರಿಯಲ್ಲಿ ತೀರ್ಮಾನ ಕೊಡುವ ಅಧಿಕಾರಿ, ಮಂಜೂರು ಮಾಡುತ್ತಾರೆ ಅಥವಾ ನಿರಾಕರಿಸುತ್ತಾರೆ. ನಿರಾಕರಿಸಿದರೆ 3 ತಿಂಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ. ಮೊದಲು ಇದಕ್ಕೆಂದೇ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ಇತ್ತು. 2021ರಲ್ಲಿ ಅದನ್ನು ಮುಚ್ಚಿ ಕೆಲಸವನ್ನು ಹೈಕೋರ್ಟುಗಳಿಗೆ ವಹಿಸಿದರು. ಕೋರ್ಟಿನ ಸುದ್ದಿಗಳು ಜಾಸ್ತಿಯಾದದ್ದಕ್ಕೆ ಇದೂ ಒಂದು ಕಾರಣ.

ಕೆಲಸದ ಪ್ರಮಾಣವೂ ಬೆಳೆದಿದೆ. 2022-23ರಲ್ಲಿ ದೇಶದಲ್ಲಿ ಬಂದ ಅರ್ಜಿ 82 ಸಾವಿರ ಚಿಲ್ಲರೆ, ಮಂಜೂರಾದ ಪೇಟೆಂಟ್ 34 ಸಾವಿರ ಚಿಲ್ಲರೆ. ಮರುವರ್ಷ ಮಂಜೂರಾದವೇ 1 ಲಕ್ಷ ದಾಟಿದವು. ಅಷ್ಟು ವೇಗದಲ್ಲಿ ಫೈಲು ಮುಗಿಸುವಾಗ ಆದೇಶಗಳು ಚಿಕ್ಕದಾಗುತ್ತವೆ. ಒಂದೇ ಥರದ ಸಾಲುಗಳು ಒಂದು ಫೈಲಿನಿಂದ ಇನ್ನೊಂದಕ್ಕೆ ಹೋಗುತ್ತವೆ.

ಒಂದು ಬ್ಲೇಡು, ಒಂದು ಸ್ಪ್ರಿಂಗು

ವಿಷಯ ಸುಮ್ನೆ ಗಾಳಿಯಲ್ಲಿ ತೇಲದಿರಲಿ ಅಂತ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಕಲ್ಪಿತವೇ, ಆದರೆ ಚನ್ನಗಿರಿ ಕಡೆಯ ಯಾವ ವರ್ಕ್‌ಶಾಪಿನಲ್ಲಾದರೂ ನಡೆಯಬಹುದಾದದ್ದು.

ಹಸಿ ಅಡಿಕೆ ಸುಲಿಯುವ ಯಂತ್ರ. ಗೊನೆಯಿಂದ ಬಿಡಿಸಿದ ಕಾಯಿ ಎಲ್ಲ ಒಂದೇ ಗಾತ್ರ ಇರುವುದಿಲ್ಲ. ಬ್ಲೇಡಿಗೂ ರೋಲರಿಗೂ ನಡುವಿನ ಸಂದನ್ನು ಒಂದೇ ಅಳತೆಗೆ ಬಿಗಿ ಮಾಡಿದ್ದರೆ ದಪ್ಪ ಕಾಯಿಯ ಸಿಪ್ಪೆಯ ಜೊತೆ ಒಳಗಿನ ಅಡಿಕೆಗೂ ಏಟು ಬೀಳುತ್ತದೆ. ಸಣ್ಣ ಕಾಯಿ ಸುಲಿಯದೇ ಕೆಳಗೆ ಉದುರುತ್ತದೆ. ಏಟು ತಿಂದ ಅಡಿಕೆಯನ್ನು ಬೇಯಿಸಿ ಒಣಗಿಸಿ ಮಂಡಿಗೆ ಒಯ್ದರೆ ಒಳ್ಳೆ ದರ ಕೇಳುವ ಹಾಗಿಲ್ಲ. ಒಬ್ಬ ಮೆಕ್ಯಾನಿಕ್ ಬ್ಲೇಡಿನ ಹಿಂದೆ ಸ್ಪ್ರಿಂಗ್ ಕೂರಿಸುತ್ತಾನೆ. ದಪ್ಪ ಕಾಯಿ ಬಂದರೆ ಬ್ಲೇಡು ಹಿಂದೆ ಸರಿಯುತ್ತದೆ, ಸಣ್ಣದು ಬಂದರೆ ಮುಂದೆ ಬರುತ್ತದೆ. ಅಡಿಕೆಗೆ ಏಟಾಗುವುದು ಕಡಿಮೆಯಾಗುತ್ತದೆ. ಅವನು ಪೇಟೆಂಟಿಗೆ ಅರ್ಜಿ ಹಾಕುತ್ತಾನೆ.

ವರದಿ ಬರುತ್ತದೆ. ಅದರಲ್ಲಿ ಎರಡು ಹಳೆಯ ದಾಖಲೆ, ಡಿ1 ಮತ್ತು ಡಿ2. ಡಿ1ರಲ್ಲಿ ಅಡಿಕೆ ಸುಲಿಯುವ ಯಂತ್ರ ಇದೆ, ಬ್ಲೇಡು ಅಲ್ಲಾಡುವುದಿಲ್ಲ. ಡಿ2 ಬೇರೆ ಬೆಳೆಯ ಯಂತ್ರ, ಅದರಲ್ಲಿ ಸ್ಪ್ರಿಂಗ್ ಒತ್ತುವ ತಗಡು ಇದೆ. ಕೆಳಗೆ ಒಂದು ಸಾಲು: ‘ಡಿ1 ಮತ್ತು ಡಿ2 ಜೋಡಿಸಿದರೆ ಅರ್ಜಿಯ ಯಂತ್ರ ಸಿಗುತ್ತದೆ, ಆದ್ದರಿಂದ ಇನ್ವೆಂಟಿವ್ ಸ್ಟೆಪ್ (ಆವಿಷ್ಕಾರದ ಹೆಜ್ಜೆ) ಇಲ್ಲ’.

ಇಡೀ ವ್ಯಾಜ್ಯ ಇರುವುದು ಆ ‘ಆದ್ದರಿಂದ’ ಎಂಬ ಒಂದು ಪದದಲ್ಲಿ. ಎರಡನ್ನೂ ಜೋಡಿಸಬಹುದು, ಸರಿ. ಆದರೆ ಅರ್ಜಿಯನ್ನು ಓದದೇ ಇದ್ದ ಒಬ್ಬ ಮೆಕ್ಯಾನಿಕ್‌ಗೆ ಅವನ್ನು ಜೋಡಿಸಬೇಕು ಅಂತ ಅನ್ನಿಸಲು ಕಾರಣ ಏನಿತ್ತು?

ಕಾಯ್ದೆ ಏನು ಹೇಳುತ್ತದೆ

ನಮ್ಮದು 1970ರ ಪೇಟೆಂಟ್ ಕಾಯ್ದೆ. ಇನ್ವೆಂಟಿವ್ ಸ್ಟೆಪ್ ಎಂದರೇನು ಅಂತ ಅದರ 2ನೇ ಕಲಮಿನಲ್ಲಿ ವಿವರಣೆ ಇದೆ. ಇದ್ದ ತಿಳಿವಳಿಕೆಗಿಂತ ತಾಂತ್ರಿಕವಾಗಿ ಒಂದು ಹೆಜ್ಜೆ ಮುಂದಿರಬೇಕು, ಅಥವಾ ಆರ್ಥಿಕ ಮಹತ್ವ ಇರಬೇಕು, ಅಥವಾ ಎರಡೂ ಇರಬೇಕು. ಜೊತೆಗೆ, ಆ ಕಸುಬು ಬಲ್ಲವನಿಗೆ ಅದು ಸಹಜವಾಗಿ ಹೊಳೆಯುವಂಥದ್ದಾಗಿರಬಾರದು. ಈ ಕೊನೆಯ ಭಾಗವೇ ತಲೆನೋವು. ಹೊಸದೋ ಹಳೆಯದೋ ಅನ್ನುವುದನ್ನು ಕಾಗದ ಇಟ್ಟು ಹೋಲಿಸಬಹುದು. ‘ಹೊಳೆಯುತ್ತಿತ್ತೇ?’ ಅನ್ನುವ ಪ್ರಶ್ನೆ ಇಲ್ಲದ ಒಬ್ಬ ವ್ಯಕ್ತಿಯ ತಲೆಯೊಳಗೆ ಇಣುಕುವ ಕೆಲಸ.

ಅದರಲ್ಲಿ ಒಂದು ಮೋಸ ಇದೆ. ಒಗಟಿನ ಉತ್ತರ ಕೇಳಿದ ಮೇಲೆ ಎಲ್ಲರೂ ‘ಅಯ್ಯೋ, ಇಷ್ಟೇನಾ’ ಅನ್ನುತ್ತಾರೆ, ಅಲ್ವಾ? ಎಕ್ಸಾಮಿನರ್ ಕೈಗೆ ಮೊದಲು ಸಿಗುವುದೇ ಉತ್ತರ. ಸ್ಪ್ರಿಂಗ್ ಎಲ್ಲಿದೆ ಅಂತ ಅರ್ಜಿಯಲ್ಲಿ ನೋಡಿಕೊಂಡ ಮೇಲೆ ‘ಸ್ಪ್ರಿಂಗ್’ ಎಂಬ ಪದ ಹಾಕಿ ಹುಡುಕಿದರೆ ಡಿ2 ಸಿಗದೇ ಇರುತ್ತದೆಯೇ?

ಈ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಮೂಲ ತೀರ್ಪು 1978ರದ್ದು. ಅದೂ ವರ್ಕ್‌ಶಾಪಿನದೇ ಕತೆ. ಉತ್ತರ ಪ್ರದೇಶದ ಮಿರ್ಜಾಪುರದ ಎರಡು ಪಾತ್ರೆ ತಯಾರಕರ ನಡುವಿನ ಜಗಳ. ಪಾತ್ರೆಯನ್ನು ಲೇತಿನ ಮೇಲೆ ತಿರುಗಿಸಿ ಹೊಳಪು ಕೊಡುವಾಗ ಮೊದಲು ಅದನ್ನು ಅಂಟು ಹಾಕಿ ಕೂರಿಸುತ್ತಿದ್ದರು. ಕೆಲವೊಮ್ಮೆ ಅದು ಕಿತ್ತು ಹಾರಿ ಬಂದು ಕೆಲಸಗಾರನಿಗೆ ಬಡಿಯುವ ಅಪಾಯ ಇತ್ತು. ಒಬ್ಬರು ಪಾತ್ರೆಯನ್ನು ಇನ್ನೊಂದು ಬದಿಯಿಂದ ಒತ್ತಿ ಹಿಡಿಯುವ ವ್ಯವಸ್ಥೆ ಮಾಡಿ ಪೇಟೆಂಟ್ ಪಡೆದಿದ್ದರು. ಲೇತಿನಲ್ಲಿ ಹಾಗೆ ಒತ್ತಿ ಹಿಡಿಯುವುದು ಗೊತ್ತಿದ್ದದ್ದೇ, ಇದು ವರ್ಕ್‌ಶಾಪಿನ ಸಣ್ಣ ಸುಧಾರಣೆ ಅಷ್ಟೇ ಅಂತ ಹೇಳಿ ಸುಪ್ರೀಂ ಕೋರ್ಟ್ ಪೇಟೆಂಟನ್ನು ತೆಗೆದುಹಾಕಿತು. 1951ರ ಪೇಟೆಂಟ್ ಅದು. ತೀರ್ಪು ಬರುವ ಹೊತ್ತಿಗೆ ಅದರ ಅವಧಿಯೇ ಮುಗಿದುಹೋಗಿತ್ತು ಅನ್ನುವುದು ಬೇರೆ ಮಾತು.

ಆ ತೀರ್ಪಿನಿಂದ ಉಳಿದದ್ದು ಒಂದು ಅಳತೆಗೋಲು. ಸಮಸ್ಯೆ ಎದುರಿಗಿದೆ, ಹೊಸ ಉಪಾಯ ಏನೆಂದು ಗೊತ್ತಿಲ್ಲ, ಅಂಥ ಒಬ್ಬ ಒಳ್ಳೆಯ ಕಸುಬುದಾರನ ಕೈಗೆ ಹಳೆಯ ದಾಖಲೆ ಕೊಟ್ಟರೆ ಅವನು ‘ಇದೇ ನನಗೆ ಬೇಕಾಗಿದ್ದದ್ದು’ ಅನ್ನುತ್ತಿದ್ದನೇ? ಗೊತ್ತಿಲ್ಲದವನಾಗಿ ನಿಂತು ನೋಡಬೇಕು ಅನ್ನುವುದೇ ಇದರ ಜೀವಾಳ.

ಹೊಣೆ ಯಾರದ್ದು? ಎರಡು ವಾದ

ಸಾಕ್ಷ್ಯ ಕಾನೂನಿನ ಸಾಮಾನ್ಯ ನಿಯಮ ಎಲ್ಲರಿಗೂ ಗೊತ್ತು: ಹೇಳಿದವನೇ ತೋರಿಸಬೇಕು. ತಮಾಷೆ ಅಂದರೆ ಇದೇ ನಿಯಮವನ್ನು ಎರಡೂ ಕಡೆಯವರು ಹಿಡಿದುಕೊಳ್ಳುತ್ತಾರೆ.

ಕಚೇರಿಯ ಪರ ವಾದ ಹೀಗೆ. ಅರ್ಜಿದಾರ ಕೇಳುತ್ತಿರುವುದು 20 ವರ್ಷದ ಏಕಸ್ವಾಮ್ಯ. ಅಷ್ಟು ದೊಡ್ಡ ಹಕ್ಕು ಬೇಕು ಅನ್ನುವವನು ತಾನು ಅರ್ಹ ಅಂತ ತೋರಿಸಲಿ. ಸ್ಪ್ರಿಂಗ್ ಹಾಕಿದ್ದಕ್ಕೆಲ್ಲ ಪೇಟೆಂಟ್ ಕೊಟ್ಟರೆ ದಾವಣಗೆರೆಯಿಂದ ಶಿವಮೊಗ್ಗದವರೆಗೆ ಅಡಿಕೆ ಯಂತ್ರ ಮಾಡುವ ಪ್ರತಿಯೊಬ್ಬನೂ ಒಬ್ಬನ ಅನುಮತಿಗೆ ಕಾಯಬೇಕಾಗುತ್ತದೆ. ಮಂಜೂರಾದ ಪೇಟೆಂಟ್ ಸರಿಯಾಗಿಯೇ ಇದೆ ಅಂತ ಕಾಯ್ದೆಯೂ ಖಾತ್ರಿ ಕೊಡುವುದಿಲ್ಲ. ಆದ್ದರಿಂದ ಬಾಗಿಲಲ್ಲೇ ಬಿಗಿ ಇರಬೇಕು.

ಅರ್ಜಿದಾರರ ಪರ ವಾದ ಇನ್ನೊಂದು. ನಾನು ಯಂತ್ರ ತೋರಿಸಿದ್ದೇನೆ, ಹಳೆಯದಕ್ಕಿಂತ ಏನು ಬೇರೆ ಅಂತ ಬರೆದಿದ್ದೇನೆ. ‘ಯಾರಿಗಾದರೂ ಹೊಳೆಯುತ್ತಿತ್ತು’ ಅಂತ ಹೊಸ ಮಾತು ತೆಗೆದವರು ನೀವು, ತೋರಿಸಬೇಕಾದವರೂ ನೀವೇ. ಇಲ್ಲದಿದ್ದರೆ ‘ಯಾರಿಗೂ ಹೊಳೆಯುತ್ತಿರಲಿಲ್ಲ’ ಅಂತ ನಾನು ಸಾಬೀತು ಮಾಡಬೇಕಾಗುತ್ತದೆ. ಇಲ್ಲದ್ದನ್ನು ತೋರಿಸುವುದು ಹೇಗೆ?

ಅಮೆರಿಕದ ಕಾಯ್ದೆ ಈ ಜಗಳವನ್ನು ಪದಗಳಲ್ಲೇ ಬಗೆಹರಿಸಿದೆ. ಇಂತಿಂಥ ಅಡ್ಡಿ ಇಲ್ಲದಿದ್ದರೆ ಪೇಟೆಂಟ್ ಪಡೆಯಲು ಅರ್ಜಿದಾರ ಹಕ್ಕುದಾರ ಅನ್ನುವ ಧಾಟಿ ಅದರದ್ದು. ಅಂದರೆ ಅಡ್ಡಿ ಇದೆ ಅಂತ ತೋರಿಸುವುದು ಕಚೇರಿಯ ಕೆಲಸ. ನಮ್ಮ ಕಾಯ್ದೆಯ 15ನೇ ಕಲಂ ಅಷ್ಟು ಬಿಡಿಸಿ ಹೇಳುವುದಿಲ್ಲ. ಅರ್ಜಿ ಕಾಯ್ದೆಗೆ ತಕ್ಕಂತೆ ಇಲ್ಲ ಅಂತ ಕಂಟ್ರೋಲರ್‌ಗೆ ಮನವರಿಕೆಯಾದರೆ ನಿರಾಕರಿಸಬಹುದು ಅನ್ನುತ್ತದೆ. ಯಾವ ಆಧಾರದ ಮೇಲೆ ಮನವರಿಕೆ? ಆ ಜಾಗವನ್ನು ಕೋರ್ಟುಗಳು ಈಗ ತುಂಬುತ್ತಿವೆ.

ಹೊಣೆ ಕೈ ಬದಲಾಯಿಸುತ್ತದೆ

ಹೊಣೆ ಒಬ್ಬರ ತಲೆಯ ಮೇಲೇ ಕೊನೆವರೆಗೂ ಕೂರುವುದಿಲ್ಲ. ಇದನ್ನು ಅತ್ಯಂತ ಸ್ಪಷ್ಟವಾಗಿ ಹೇಳಿದ್ದು ಅಮೆರಿಕದ ಫೆಡರಲ್ ಸರ್ಕಿಟ್ ಕೋರ್ಟಿನ 1992ರ ಓಟಿಕರ್ ತೀರ್ಪು. ಮೊದಲು ಎಕ್ಸಾಮಿನರ್ ಮೇಲ್ನೋಟಕ್ಕೆ ಒಪ್ಪುವಂಥ ಕಾರಣ ಕಟ್ಟಿಕೊಡಬೇಕು. ಕಟ್ಟಿಕೊಟ್ಟರೆ ಆಗ ಉತ್ತರದ ಹೊಣೆ ಅರ್ಜಿದಾರನಿಗೆ ದಾಟುತ್ತದೆ. ಅವನು ಪುರಾವೆಯನ್ನೋ ವಾದವನ್ನೋ ತರಬೇಕು. ಕಟ್ಟಿಕೊಡದಿದ್ದರೆ ಅರ್ಜಿದಾರ ಬಾಯಿ ಬಿಡಬೇಕಾದ ಅಗತ್ಯವೇ ಇಲ್ಲ.

ಆ ಪ್ರಕರಣದ ವಸ್ತು ನಮ್ಮ ಮೆಕ್ಯಾನಿಕ್‌ಗೂ ಚೆನ್ನಾಗಿ ಗೊತ್ತಿರುವಂಥದ್ದು. ಪೈಪಿಗೆ ಹಾಕುವ ಲೋಹದ ಕ್ಲಾಂಪು. ಅದರಲ್ಲಿದ್ದ ಕೊಕ್ಕೆ ಹೊಸದೇನಲ್ಲ ಅಂತ ತೋರಿಸಲು ಎಕ್ಸಾಮಿನರ್ ಬಟ್ಟೆಗೆ ಹಾಕುವ ಪ್ಲಾಸ್ಟಿಕ್ ಹುಕ್ಕಿನ ದಾಖಲೆ ತಂದಿದ್ದರು. ಕೋರ್ಟ್ ಒಪ್ಪಲಿಲ್ಲ. ಪೈಪ್ ಕ್ಲಾಂಪಿನ ತೊಂದರೆ ಬಗೆಹರಿಸಲು ಕೂತವನು ಬಟ್ಟೆಯ ಹುಕ್ಕು ಹುಡುಕಿಕೊಂಡು ಯಾಕೆ ಹೋಗುತ್ತಾನೆ ಅನ್ನುವುದಕ್ಕೆ ಕಾರಣ ಕೊಟ್ಟಿರಲಿಲ್ಲ. ಎರಡರಲ್ಲೂ ಕೊಕ್ಕೆ ಇದೆ ಅನ್ನುವುದು ಕಾರಣ ಅಲ್ಲ.

ಈಗ ನಮ್ಮ ಡಿ2ಗೆ ಬನ್ನಿ. ಅದು ಮೆಕ್ಕೆಜೋಳ ಬಿಡಿಸುವ ಯಂತ್ರವಾಗಿದ್ದರೆ ಎಕ್ಸಾಮಿನರ್ ಕೈ ಮೇಲು. ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳದ ಮಷಿನ್ನು, ಅಡಿಕೆ ಮಷಿನ್ನು ಎರಡನ್ನೂ ಒಂದೇ ಶೆಡ್ಡಿನಲ್ಲಿ ರಿಪೇರಿ ಮಾಡುತ್ತಾರೆ. ಒಂದರ ಉಪಾಯ ಇನ್ನೊಂದಕ್ಕೆ ಹೋಗುವುದು ಸಹಜ. ಡಿ2 ಆಸ್ಪತ್ರೆಯ ಉಪಕರಣವಾಗಿದ್ದರೆ ಕತೆ ಬೇರೆ. ಯಾವುದೇ ಆಗಲಿ, ಆ ಕೊಂಡಿಯನ್ನು ಆದೇಶದಲ್ಲಿ ಬರೆದು ತೋರಿಸಬೇಕು.

ಭಾರತದಲ್ಲಿ ಇದೇ ದಿಕ್ಕಿನ ಮಾತು ದೆಹಲಿ ಹೈಕೋರ್ಟಿನ 2022ರ ಅಗ್ರಿಬೋರ್ಡ್ ತೀರ್ಪಿನಲ್ಲಿದೆ. ಹಳೆಯ ದಾಖಲೆಯಲ್ಲಿ ಏನಿದೆ, ಅರ್ಜಿಯಲ್ಲಿ ಏನಿದೆ, ಕಸುಬು ಬಲ್ಲವನಿಗೆ ಮೊದಲನೆಯದರಿಂದ ಎರಡನೆಯದು ಯಾವ ರೀತಿ ಹೊಳೆಯುತ್ತದೆ: ಕಂಟ್ರೋಲರ್ ಈ ಮೂರನ್ನೂ ಚರ್ಚಿಸಬೇಕು. ಸುಮ್ನೆ ‘ಇನ್ವೆಂಟಿವ್ ಸ್ಟೆಪ್ ಇಲ್ಲ’ ಅಂತ ಮುಗಿಸುವ ಹಾಗಿಲ್ಲ. ನಿರಾಕರಣೆ ಆದೇಶಗಳು ಬಿದ್ದುಹೋಗುವುದು ಹೆಚ್ಚಾಗಿ ಮೂರನೆಯದು ಇಲ್ಲದ್ದಕ್ಕೆ. ಇದು ಅರ್ಜಿದಾರರಿಗೆ ಮಾಡಿದ ಉಪಕಾರ ಅಂತ ನನಗೆ ಅನ್ನಿಸುವುದಿಲ್ಲ. ಕಾರಣ ಬರೆಯದ ಆದೇಶವನ್ನು ಯಾವ ಇಲಾಖೆ ಕೊಟ್ಟರೂ ಕೋರ್ಟು ಇದನ್ನೇ ಹೇಳುತ್ತಿತ್ತು.

ಮೇಲ್ಮನವಿಯಲ್ಲಿ ಏನು ನಡೆಯುತ್ತದೆ

ಮೇಲ್ಮನವಿಗೆ ಬಂದಾಗ ಪ್ರಶ್ನೆ ಬದಲಾಗುತ್ತದೆ. ‘ನನ್ನ ಯಂತ್ರ ಎಷ್ಟು ಚೆನ್ನಾಗಿದೆ ನೋಡಿ’ ಅಂತ ವಾದಿಸುವವರು ಅಲ್ಲಿ ಸೋಲುತ್ತಾರೆ. ಆದೇಶದ ಯಾವ ಮೆಟ್ಟಿಲು ತಪ್ಪಿದೆ ಅಂತ ಬೆರಳಿಟ್ಟು ತೋರಿಸುವುದು ಮೇಲ್ಮನವಿ ಹಾಕಿದವನ ಕೆಲಸ. ಹೊಳೆಯುತ್ತಿತ್ತು ಅಂತ ತೋರಿಸುವ ಹೊಣೆ ಕಚೇರಿಯದ್ದು, ಆದೇಶದಲ್ಲಿ ತಪ್ಪಿದೆ ಅಂತ ತೋರಿಸುವ ಹೊಣೆ ಅರ್ಜಿದಾರನದ್ದು. ಇವೆರಡೂ ಒಂದೇ ಅಲ್ಲ. ಸುದ್ದಿ ಓದುವವರು ಎಡವುವುದು ಇಲ್ಲೇ.

ತಡವಾಗಿ ತಂದ ವಾದಕ್ಕೆ ಏನಾಗುತ್ತದೆ ಅನ್ನುವುದಕ್ಕೆ ಒಂದು ನೇಗಿಲಿನ ಕತೆ ಇದೆ. ಚಿತ್ರದುರ್ಗದ ಕಲ್ಲುನೆಲ ಉತ್ತವರಿಗೆ ಇದು ಬೇಗ ಅರ್ಥವಾದೀತು. ಅಮೆರಿಕದಲ್ಲಿ ಗ್ರಹಾಂ ಎಂಬುವರು ಕಲ್ಲಿರುವ ಹೊಲಕ್ಕೆ ಒಂದು ನೇಗಿಲು ಮಾಡಿದ್ದರು. ಕಲ್ಲು ತಾಗಿದರೆ ಅದರ ಕಾಲು ಮೇಲೆದ್ದು, ಕಲ್ಲು ದಾಟಿ, ಸ್ಪ್ರಿಂಗಿನ ಬಲದಿಂದ ಮತ್ತೆ ನೆಲಕ್ಕೆ ಇಳಿಯುತ್ತಿತ್ತು. ಅದಕ್ಕೆ ಪೇಟೆಂಟ್ ಸಿಕ್ಕಿತ್ತು. ಆಮೇಲೆ ಕಾಲನ್ನು ತಿರುಗಣೆ ತಗಡಿನ ಮೇಲಿನಿಂದ ಕೆಳಕ್ಕೆ ಬದಲಾಯಿಸಿ ಇನ್ನೊಂದು ಪೇಟೆಂಟ್ ಪಡೆದರು. ಜಾನ್ ಡೀರ್ ಕಂಪನಿಯ ಜೊತೆ ವ್ಯಾಜ್ಯವಾಗಿ 1966ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎರಡನೆಯದನ್ನು ಒಪ್ಪಲಿಲ್ಲ. ಹೊಸ ಜೋಡಣೆಯಲ್ಲಿ ಕಾಲು ಉದ್ದಕ್ಕೂ ಸಲೀಸಾಗಿ ಬಾಗುತ್ತದೆ, ಅದೇ ಇದರ ವಿಶೇಷ ಅಂತ ಗ್ರಹಾಂ ಪರ ವಾದಿಸಿದರು. ಅಷ್ಟು ಮುಖ್ಯವಾದ ಗುಣವಾಗಿದ್ದರೆ ಪೇಟೆಂಟ್ ಬರಹದಲ್ಲಿ ಅದರ ಸುಳಿವೇ ಯಾಕಿಲ್ಲ ಅನ್ನುವುದು ಕೋರ್ಟಿನ ಮಾತಿನ ಸಾರ. ಆ ವಾದ ಮೊದಲ ಸಲ ಕಾಣಿಸಿಕೊಂಡದ್ದೇ ಮೇಲ್ಮನವಿಯಲ್ಲಿ.

ನಮ್ಮಲ್ಲೂ ಅದೇ ಕಷ್ಟ. ಅರ್ಜಿ ಹಾಕಿದ ಮೇಲೆ ಅದರಲ್ಲಿ ಇಲ್ಲದ ಹೊಸ ವಿಷಯ ಸೇರಿಸಲು ಕಾಯ್ದೆ ಬಿಡುವುದಿಲ್ಲ. ಇದ್ದದ್ದನ್ನು ಕಿರಿದು ಮಾಡಬಹುದು, ಹಿಗ್ಗಿಸುವಂತಿಲ್ಲ. ಬಿಗಿ ಬ್ಲೇಡಿನಲ್ಲಿ ನೂರಕ್ಕೆ ಎಷ್ಟು ಅಡಿಕೆಗೆ ಏಟಾಯಿತು, ಸ್ಪ್ರಿಂಗ್ ಬ್ಲೇಡಿನಲ್ಲಿ ಎಷ್ಟು, ಯಾವ ಗಾತ್ರದ ಕಾಯಿ: ಈ ಹೋಲಿಕೆ ಅರ್ಜಿಯಲ್ಲೇ ಇದ್ದರೆ ಕೊನೆವರೆಗೂ ಕಾಯುತ್ತದೆ. ಮೊದಲು ತಾತ್ಕಾಲಿಕ ವಿವರಣೆ ಕೊಟ್ಟು ಪೂರ್ತಿ ವಿವರಣೆಗೆ 12 ತಿಂಗಳ ಸಮಯ ಪಡೆಯಲು ಅವಕಾಶ ಇದೆ. ಅಡಿಕೆಯ ಒಂದು ಸುಗ್ಗಿ ಅದರೊಳಗೆ ಸಿಕ್ಕೇ ಸಿಗುತ್ತದೆ. ಆ ಸಮಯವನ್ನು ಅಳತೆ ತೆಗೆಯಲು ಬಳಸುವವರಿಗಿಂತ ‘ಪೇಟೆಂಟ್ ಪೆಂಡಿಂಗ್’ ಅಂತ ಬೋರ್ಡು ಬರೆಸಲು ಬಳಸುವವರೇ ಜಾಸ್ತಿ.

ಸರಳವಾದದ್ದಕ್ಕೆ ಪೇಟೆಂಟ್ ಸಿಗುವುದೇ ಇಲ್ಲ ಅಂತೇನಿಲ್ಲ. 2022ರ ಏವರಿ ಡೆನಿಸನ್ ತೀರ್ಪಿನಲ್ಲಿ ದೆಹಲಿ ಹೈಕೋರ್ಟ್ ಒಂದು ಒಳ್ಳೆಯ ಪರೀಕ್ಷೆ ಹೇಳಿತು. ಹಳೆಯ ದಾಖಲೆ ಪ್ರಕಟವಾಗಿ ಬಹಳ ವರ್ಷ ಆಗಿದೆ, ಆದರೂ ಆ ಸಣ್ಣ ಬದಲಾವಣೆ ಯಾರ ತಲೆಗೂ ಬಂದಿಲ್ಲ, ಬಂದಾಗ ನಿರೀಕ್ಷಿಸದ ಲಾಭ ಸಿಕ್ಕಿದೆ ಅಂದರೆ ತಕ್ಕಡಿ ಅರ್ಜಿದಾರನ ಕಡೆ ವಾಲಬೇಕು. ಅಷ್ಟು ಸುಲಭವಾಗಿದ್ದರೆ ಇಷ್ಟು ದಿನ ಯಾಕೆ ಯಾರೂ ಮಾಡಲಿಲ್ಲ? ಆ ಪ್ರಕರಣದಲ್ಲಿ ಕೋರ್ಟ್ ಪೇಟೆಂಟ್ ಮಂಜೂರಾತಿಯ ಕಡೆಗೇ ದಾರಿ ಮಾಡಿಕೊಟ್ಟಿತು. ಅಂಥವು ಕಡಿಮೆ. ಸಾಮಾನ್ಯವಾಗಿ ಫೈಲು ಕಚೇರಿಗೆ ವಾಪಸ್ ಹೋಗುತ್ತದೆ. ಅನೇಕ ಸಲ ಬೇರೆ ಕಂಟ್ರೋಲರ್ ನೋಡಲಿ ಅಂತಲೂ, ಇಷ್ಟು ದಿನದೊಳಗೆ ಮುಗಿಸಲಿ ಅಂತಲೂ ಕೋರ್ಟ್ ಹೇಳುತ್ತದೆ. ಹೊಸಬರು ಸರಿಯಾದ ಕಾರಣ ಬರೆದು ಮತ್ತೆ ನಿರಾಕರಿಸಬಹುದು.

ಇದರಿಂದ ಏನಾದೀತು

ಕರ್ನಾಟಕದ ಅರ್ಜಿಗಳಿಗೆ ಚೆನ್ನೈ ಕಚೇರಿ, ಹಾಗಾಗಿ ಮೇಲ್ಮನವಿ ಮದ್ರಾಸ್ ಹೈಕೋರ್ಟಿಗೆ. ದಾವಣಗೆರೆಯ ಒಬ್ಬ ಮೆಕ್ಯಾನಿಕ್ ಆನ್‌ಲೈನಿನಲ್ಲಿ ಅರ್ಜಿ ಹಾಕಲು 1,600 ರೂಪಾಯಿ, ಪರೀಕ್ಷೆಗೆ 4,000 ರೂಪಾಯಿ ಕಟ್ಟಿ ಬಂದಿರುತ್ತಾನೆ. ಚೆನ್ನೈನಲ್ಲಿ ವಕೀಲರನ್ನು ಹಿಡಿಯುವ ಖರ್ಚಿನ ಮುಂದೆ ಅದು ಏನೂ ಅಲ್ಲ. ಕಚೇರಿ ಸರಿಯಾದ ಕಾರಣ ಬರೆಯದಿದ್ದರೆ ಕಂಪನಿಗಳು ಮೇಲ್ಮನವಿಗೆ ಹೋಗುತ್ತವೆ, ಸಣ್ಣವರು ಅಲ್ಲಿಗೇ ಕೈ ಬಿಡುತ್ತಾರೆ. ಕೆಟ್ಟ ಆದೇಶದ ನಷ್ಟ ಎಲ್ಲರಿಗೂ ಒಂದೇ ಸಮ ಬೀಳುವುದಿಲ್ಲ.

ಸಮಯದ ಲೆಕ್ಕ ಇನ್ನೊಂದು. 20 ವರ್ಷ ಎಣಿಸುವುದು ಮಂಜೂರಾದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದ. ಮೇಲ್ಮನವಿ, ವಾಪಸ್ ಕಳಿಸುವುದು, ಮತ್ತೆ ವಿಚಾರಣೆ, ಎಲ್ಲವೂ ಆ 20ರೊಳಗೇ ಕರಗುತ್ತದೆ. ಆದ್ದರಿಂದ ವಿಚಾರಣೆ ಮುಗಿದ 15 ದಿನದೊಳಗೆ ಕೊಡುವ ಲಿಖಿತ ಹೇಳಿಕೆಯೇ ಸಣ್ಣ ಅರ್ಜಿದಾರನ ನಿಜವಾದ ಕೊನೆಯ ಅವಕಾಶ. ‘ಡಿ1 ನೋಡಿದವನು ಡಿ2 ಕಡೆಗೆ ಯಾಕೆ ಹೋಗುತ್ತಾನೆ, ವರದಿಯಲ್ಲಿ ಕಾರಣ ಇಲ್ಲ’ ಎಂಬ ಸಾಲು ಅದರಲ್ಲಿ ಇರಬೇಕು. ಜೊತೆಗೆ ಅಳತೆಯ ಅಂಕಿಗಳನ್ನು ಅಫಿಡವಿಟ್ ರೂಪದಲ್ಲಿ ಅದಕ್ಕೂ ಮೊದಲೇ ಕೊಟ್ಟಿರಬೇಕು. ಮುಂದೆ ಮೇಲ್ಮನವಿ ಆದರೆ ಕೋರ್ಟು ನೋಡುವುದು ಆ ಕಾಗದಗಳನ್ನೇ.

ಕಚೇರಿಗೂ ಒಂದು ನಿಜವಾದ ತೊಡಕಿದೆ. ಎಕ್ಸಾಮಿನರ್ ಹುಡುಕುವುದು ದಾಖಲೆಗಳಲ್ಲಿ. ನಮ್ಮ ಶೆಡ್ಡುಗಳ ಜಾಣತನ ಯಾವ ದಾಖಲೆಯಲ್ಲೂ ಇಲ್ಲ. ಬ್ಲೇಡಿನ ಹಿಂದೆ ಸ್ಪ್ರಿಂಗ್ ಹಾಕುವುದು ಹತ್ತು ವರ್ಷದಿಂದ ಹತ್ತು ಜನ ಮಾಡುತ್ತಿದ್ದದ್ದೇ ಆಗಿದ್ದರೂ ಎಕ್ಸಾಮಿನರ್‌ಗೆ ಅದು ಕಾಣುವುದಿಲ್ಲ. ಕಾರಣ ಬರೆದು ತೋರಿಸಿ ಅಂತ ಕೋರ್ಟ್ ಬಿಗಿ ಮಾಡಿದಷ್ಟೂ, ಕಾಗದದಲ್ಲಿ ಇಲ್ಲದ ತಿಳಿವಳಿಕೆಯನ್ನು ‘ಎಲ್ಲರಿಗೂ ಗೊತ್ತಿದೆ’ ಅಂತ ಹೇಳಿ ಅರ್ಜಿ ತಡೆಯುವುದು ಕಷ್ಟವಾಗುತ್ತದೆ.

ಅದಕ್ಕೆ ಕಾಯ್ದೆಯಲ್ಲಿ ಬೇರೆ ಬಾಗಿಲು ಇದೆ. ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಮಂಜೂರಾಗುವ ಮುಂಚೆ, ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಮಂಜೂರಾದದ್ದು ಪ್ರಕಟವಾಗಿ ಒಂದು ವರ್ಷದೊಳಗೆ, ಅದರಿಂದ ಬಾಧೆಯಾಗುವವರು ಮತ್ತೆ ಆಕ್ಷೇಪಿಸಬಹುದು. ಭಾರತದಲ್ಲಿ ಮೊದಲೇ ಸಾರ್ವಜನಿಕವಾಗಿ ಬಳಕೆಯಲ್ಲಿತ್ತು ಅನ್ನುವುದು ಅದಕ್ಕೆ ಸಾಕಾದ ಕಾರಣ. ಆದರೆ ಆಗ ಹೊಣೆ ಪೂರ್ತಿ ಆಕ್ಷೇಪಿಸಿದವರ ಮೇಲೆ. ಅರ್ಜಿಯ ದಿನಾಂಕಕ್ಕಿಂತ ಹಿಂದಿನ ಫೋಟೊ, ಕ್ಯಾಟಲಾಗು, ಬಿಲ್ಲು ಬೇಕು. ಪಕ್ಕದ ಶೆಡ್ಡಿನವನು ಹತ್ತು ವರ್ಷದಿಂದ ಸ್ಪ್ರಿಂಗ್ ಹಾಕಿಕೊಡುತ್ತಿದ್ದಾನೆ, ಬಿಲ್ ಪುಸ್ತಕವನ್ನೂ ಜೋಪಾನವಾಗಿ ಇಟ್ಟಿದ್ದಾನೆ ಅಂತಲೇ ಇಟ್ಟುಕೊಳ್ಳೋಣ. ಅದರ ಪ್ರತಿ ಹಾಳೆಯಲ್ಲೂ ಬರೆದಿರುವುದು ‘ಮಷಿನ್ ರಿಪೇರಿ’ ಅಂತ ಮಾತ್ರ.